ಮಿನಾರಿನ ಮಾದರಿ ಮಾರಿ ಮಿನಾರು ಉಳಿಸಬಹುದಾ?

ಬೀದರಿನ ಮಹಮೂದ್ ಗವಾನ್ ಮದರಸಾ, ಅಂದರೆ ಬಹಮನಿ ಕಾಲದ ಹಳೆ ವಿದ್ಯಾಶಾಲೆ, ಅದರ ಮಿನಾರನ್ನು ಎಂಟು ಇಂಚಿನ ಬಿದ್ರಿ (ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ಬೀದರಿನ ಕೈಕೆಲಸ) ಮಾದರಿಯಾಗಿ ಮಾಡೋಣ. 150 ಮಾತ್ರ ಮಾಡೋಣ. ಪ್ರತಿಯೊಂದರ ತಳದಲ್ಲಿ ನಂಬರ್ ಹಾಕೋಣ. ಮಾರಿದ ಹಣದಲ್ಲಿ ನಮ್ಮ ಭಾಗದ ಹಳೆ ಕಟ್ಟಡಗಳಿಗೆ ಏನಾದರೂ ಮಾಡೋಣ. ಕಲಬುರಗಿ, ಬೀದರ್ ಕಡೆ ಪರಂಪರೆಯ ಬಗ್ಗೆ ಕಾಳಜಿ ಇರುವ ನಾಲ್ಕು ಜನ ಕೂತರೆ ಇಂಥ ಮಾತು ಬರುವುದು ಸಹಜ. ಕೇಳಲು ಚೆನ್ನಾಗಿದೆ. ನಡೆಯುತ್ತದಾ?

ನಡೆಯುತ್ತದೆ ಅಂತ ನನ್ನ ನಂಬಿಕೆ. ಆದರೆ ಇದರಿಂದ ಮಿನಾರೇ ದುರಸ್ತಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ಒಪ್ಪಲಾರೆ. ಮಾದರಿ ಮಾರಿ ಬರುವ ಹಣ ಚಿಕ್ಕದು. ಆ ಹಣಕ್ಕೆ ತಕ್ಕ ಚಿಕ್ಕ ಕೆಲಸವನ್ನೇ ಹುಡುಕಬೇಕು. ಮಾಡುವ ಕೈಗೆ ಮೊದಲು ಕೂಲಿ ಸಿಗಬೇಕು. ಲೆಕ್ಕ ಎಲ್ಲರಿಗೂ ಕಾಣಬೇಕು. ಇಷ್ಟಕ್ಕೆ ಒಪ್ಪುವುದಾದರೆ ಇದನ್ನು ಈಗಲೇ ಶುರು ಮಾಡಬೇಕು. ಯಾಕೆ ಈಗಲೇ ಅನ್ನುವುದಕ್ಕೂ ಕಾರಣ ಇದೆ, ಮುಂದೆ ಹೇಳುತ್ತೇನೆ.

ಸಮುದ್ರ ದಂಡೆಯವರು ಮಾಡಿ ನೋಡಿದ್ದು

ಈ ಉಪಾಯವನ್ನು ಜಾಸ್ತಿ ಬಳಸಿದವರು ಲೈಟ್‌ಹೌಸ್ ಉಳಿಸಲು ಹೊರಟ ಅಮೆರಿಕದ ಜನ. ಅದರ ಬೇರು ತುಂಬಾ ಹಳೆಯದು. ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಯನ್ನು ಚಿತ್ರದಲ್ಲಾದರೂ ನೋಡದವರು ಕಡಿಮೆ. ಅದು 1886ರಿಂದ 1902ರವರೆಗೆ ಸರ್ಕಾರಿ ಲೆಕ್ಕದಲ್ಲಿ ಒಂದು ಲೈಟ್‌ಹೌಸ್ ಆಗಿತ್ತು. ಕೈಯಲ್ಲಿರುವ ಪಂಜಿನಲ್ಲಿ ವಿದ್ಯುತ್ ದೀಪ ಉರಿಯುತ್ತಿತ್ತು. ಹಡಗುಗಳಿಗೆ ಅದರಿಂದ ಹೆಚ್ಚು ಉಪಯೋಗ ಆಗಲಿಲ್ಲ, ಅದು ಬೇರೆ ಮಾತು.

ಪ್ರತಿಮೆಯ ಖರ್ಚು ಫ್ರಾನ್ಸಿನ ಜನರದು, ಅದು ನಿಲ್ಲುವ ಪೀಠದ ಖರ್ಚು ಅಮೆರಿಕದವರದು ಅಂತ ಮಾತಾಗಿತ್ತು. ಪೀಠದ ಕೆಲಸ ಹಣ ಸಾಲದೆ ನಡುವೆಯೇ ನಿಂತಿತು. ಆಗ ಅಲ್ಲಿನ ಸಮಿತಿ ಪ್ರತಿಮೆಯ ಸಣ್ಣ ಮಾದರಿಗಳನ್ನು ಮಾರಿತು. ಆರು ಇಂಚಿನದಕ್ಕೆ ಒಂದು ಡಾಲರ್, ಹನ್ನೆರಡು ಇಂಚಿನದಕ್ಕೆ ಐದು ಡಾಲರ್. 1885ರಲ್ಲಿ ಜೋಸೆಫ್ ಪುಲಿಟ್ಜರ್ ತಮ್ಮ ಪತ್ರಿಕೆಯಲ್ಲಿ ದೇಣಿಗೆ ಕೇಳಿದರು. ಎಷ್ಟೇ ಕಡಿಮೆ ಕೊಟ್ಟರೂ ಕೊಟ್ಟವರ ಹೆಸರು ಪತ್ರಿಕೆಯಲ್ಲಿ ಅಚ್ಚಾಗುತ್ತದೆ ಅಂದರು. ಮಾತಿನಂತೆ ಅಚ್ಚು ಹಾಕಿದರು. ಐದಾರು ತಿಂಗಳಲ್ಲಿ ಒಂದು ಲಕ್ಷ ಡಾಲರ್ ದಾಟಿತು. ಕೊಟ್ಟವರ ಸಂಖ್ಯೆಯೂ ಲಕ್ಷ ದಾಟಿತ್ತು. ಅವರಲ್ಲಿ ಬಹುಪಾಲು ಜನ ಕೊಟ್ಟಿದ್ದು ಒಂದು ಡಾಲರಿಗಿಂತ ಕಡಿಮೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಪೀಠದ ಕೆಲಸ ಮುಗಿಸಿದ್ದು ಮಾದರಿಯ ಮಾರಾಟ ಒಂದೇ ಅಲ್ಲ. ಹೆಸರು ಅಚ್ಚಾಗುತ್ತದೆ ಅನ್ನುವ ನಂಬಿಕೆ ಅದಕ್ಕಿಂತ ಜಾಸ್ತಿ ಕೆಲಸ ಮಾಡಿತು. ಇದು ನಮಗೆ ಅಪರಿಚಿತ ಏನಲ್ಲ. ನಮ್ಮ ಊರುಗಳಲ್ಲಿ ಗುಡಿ ಕಟ್ಟಿದರೆ ಗೋಡೆಯ ಕಲ್ಲಿನ ಮೇಲೆ ದಾನಿಗಳ ಹೆಸರು ಬರೆಸುತ್ತಾರೆ. ಲಕ್ಷ ಕೊಟ್ಟವರ ಕೆಳಗೆ 501 ಕೊಟ್ಟವರ ಹೆಸರೂ ಇರುತ್ತದೆ. ಮೊಮ್ಮಕ್ಕಳು ಬಂದು ಬೆರಳಿಟ್ಟು ಓದುತ್ತಾರೆ. ಗುಡಿಗೆ, ದರ್ಗಾಕ್ಕೆ, ಮಠಕ್ಕೆ ಹೀಗೆ ಕೊಡುವ ನಮ್ಮ ಜನ ಹಳೆ ಕೋಟೆಗೆ ಯಾಕೆ ಕೊಡುವುದಿಲ್ಲ? ಯಾರೂ ಕೇಳಿಲ್ಲ, ಕೇಳಿದರೂ ಹಣ ಎಲ್ಲಿ ಹೋಯಿತು ಅಂತ ತೋರಿಸುವ ಗೋಡೆ ಇಲ್ಲ.

ಲೈಟ್‌ಹೌಸ್ ಮಾದರಿಗಳ ದೊಡ್ಡ ಹುಚ್ಚು ಬಂದದ್ದು 1990ರ ದಶಕದಲ್ಲಿ. ಹಾರ್ಬರ್ ಲೈಟ್ಸ್ ಅನ್ನುವ ಕಂಪನಿ ನಿಜವಾದ ಲೈಟ್‌ಹೌಸ್‌ಗಳನ್ನು ನೋಡಿ, ಅಚ್ಚಿನಲ್ಲಿ ಎರಕ ಹೊಯ್ದು, ಕೈಯಿಂದ ಬಣ್ಣ ಹಚ್ಚಿದ ಮಾದರಿಗಳನ್ನು ತಂದಿತು. ಆರಂಭದ ಮಾದರಿಗಳಿಗೆ 5,500 ಅಂತ ಮಿತಿ ಹಾಕಿದ್ದರು. ಅಡಿಯಲ್ಲಿ ನಂಬರ್, ಜೊತೆಗೆ ಒಂದು ಪ್ರಮಾಣಪತ್ರ. ಸಂಗ್ರಾಹಕರ ಬಳಗವೇ ಬೆಳೆಯಿತು. ಇಂಥ ಮಾದರಿಗಳನ್ನು ಇಟ್ಟುಕೊಂಡು ಸ್ಥಳೀಯ ಲೈಟ್‌ಹೌಸ್ ಸಂಘಗಳೂ ಹಣ ಸೇರಿಸಿದವು. 2000ದಲ್ಲಿ ಅಲ್ಲಿ ಒಂದು ಕಾನೂನು ಬಂತು. ಸರ್ಕಾರಕ್ಕೆ ಬೇಡವಾದ ಲೈಟ್‌ಹೌಸ್‌ಗಳನ್ನು ಸ್ಥಳೀಯ ಸಂಸ್ಥೆಗಳಿಗೆ, ಲಾಭಕ್ಕಲ್ಲದ ಸಂಘಗಳಿಗೆ ಹಣ ಕೇಳದೆ ಬಿಟ್ಟುಕೊಡಲು ಅದು ದಾರಿ ಮಾಡಿತು. ಕಟ್ಟಡ ಕೈಗೆ ಬಂದ ಮೇಲೆ ಛಾವಣಿ, ಕಿಟಕಿ, ಬಣ್ಣ ಎಲ್ಲದರ ಹೊಣೆ ಸಂಘದ್ದು. ಮಾದರಿ, ಬಟ್ಟಲು, ಟಿ-ಶರ್ಟ್ ಮಾರುವುದು ಅವರಿಗೆ ಅನಿವಾರ್ಯವೇ ಆಯಿತು.

ಎಷ್ಟು ಹಣ ಬರುತ್ತದೆ?

ನಾರ್ತ್ ಕರೋಲಿನಾದಲ್ಲಿ ಕೇಪ್ ಹ್ಯಾಟರಸ್ ಅನ್ನುವ ಲೈಟ್‌ಹೌಸ್ ಇದೆ. 1870ರಲ್ಲಿ ಕಟ್ಟಿದ್ದು. ಸಮುದ್ರ ದಡವನ್ನು ಕೊರೆಯುತ್ತಾ ಅದರ ಬುಡಕ್ಕೆ ಬಂದುಬಿಟ್ಟಿತ್ತು. 1999ರಲ್ಲಿ ಇಡೀ ಗೋಪುರವನ್ನು ಅಡಿಪಾಯದಿಂದ ಬೇರ್ಪಡಿಸಿ ಎತ್ತಿ, ಹಳಿಗಳಂಥ ತೊಲೆಗಳ ಮೇಲೆ ಸರಿಸುತ್ತಾ 2,900 ಅಡಿ ಒಳಕ್ಕೆ ಒಯ್ದರು. ಖರ್ಚು ಒಂದು ಕೋಟಿ ಡಾಲರ್ ದಾಟಿತು. ಅದನ್ನು ಕೊಟ್ಟಿದ್ದು ಅಲ್ಲಿನ ಕೇಂದ್ರ ಸರ್ಕಾರ.

ಈಗ ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. 5,500 ಮಾದರಿ ಮಾರಿ, ಒಂದೊಂದರಿಂದ ಹತ್ತು ಡಾಲರ್ ಉಳಿಯಿತು ಅಂದುಕೊಳ್ಳೋಣ. 55,000 ಡಾಲರ್ ಆಯಿತು. ಗೋಪುರ ಸರಿಸಿದ ಖರ್ಚಿನಲ್ಲಿ ಅದು ನೂರರಲ್ಲಿ ಒಂದು ಪಾಲೂ ಆಗುವುದಿಲ್ಲ. ಅಷ್ಟು ಪ್ರಸಿದ್ಧ ಲೈಟ್‌ಹೌಸ್, ಅಷ್ಟು ದೊಡ್ಡ ಸಂಗ್ರಾಹಕರ ಬಳಗ ಇದ್ದ ದೇಶದ ಕಥೆ ಇದು. ಗೋಪುರ ಉಳಿಸುವ ಹಣ ಸರ್ಕಾರದಿಂದಲೇ ಬರಬೇಕು, ಅಲ್ಲೂ, ಇಲ್ಲೂ. ಈ ಮಾತನ್ನು ಮೊದಲೇ ಗಟ್ಟಿಯಾಗಿ ಹೇಳದಿದ್ದರೆ ನಾಳೆ ಯಾರೋ ಅಧಿಕಾರಿ “ಜನರೇ ಹಣ ಸೇರಿಸುತ್ತಿದ್ದಾರಲ್ಲ” ಅಂತ ಕೈಚೆಲ್ಲುವ ಅಪಾಯ ಇದೆ.

ಹಾಗಾದರೆ ಆ 55,000 ಡಾಲರ್ ವ್ಯರ್ಥವಾ? ಖಂಡಿತ ಅಲ್ಲ. ಒಂದು ಸಣ್ಣ ಸಂಘಕ್ಕೆ ಅದು ಕಿಟಕಿಯ ಗಾಜು, ಮೆಟ್ಟಿಲಿನ ಕಂಬಿ, ಶಾಲೆ ಮಕ್ಕಳನ್ನು ಕರೆತರುವ ಬಸ್ಸು. ಸರ್ಕಾರದ ದೊಡ್ಡ ಹಣಕ್ಕೆ ಈ ಸಣ್ಣ ಸಂಗತಿಗಳು ಕಣ್ಣಿಗೇ ಬೀಳುವುದಿಲ್ಲ. ಮಾದರಿ ಮಾರಿದ ಹಣದ ಜಾಗ ಅದು.

ನಮ್ಮಲ್ಲಿ ಕಟ್ಟಡ ಯಾರದು?

ಇಲ್ಲಿಂದ ಮುಂದೆ ಅಮೆರಿಕದ ದಾರಿ ನಮಗೆ ಹೊಂದುವುದಿಲ್ಲ. ಅಲ್ಲಿ ಸಂಘ ಕಟ್ಟಡದ ಒಡೆಯ ಆಗಬಹುದು. ನಮ್ಮಲ್ಲಿ ಗವಾನ್ ಮದರಸಾ, ಬೀದರ್ ಕೋಟೆ, ಕಲಬುರಗಿಯ ಹಫ್ತ್ ಗುಂಬಜ್ ಇವೆಲ್ಲ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಸ್ಮಾರಕ ಕಾಯ್ದೆಯ ಪ್ರಕಾರ ಅಲ್ಲಿ ಒಂದು ಕಲ್ಲು ಕದಲಿಸಲೂ, ಒಂದು ಬಿರುಕಿಗೆ ಗಾರೆ ತುಂಬಲೂ ಇಲಾಖೆಯೇ ಬೇಕು. ಸುತ್ತ ನೂರು ಮೀಟರ್ ಒಳಗೆ ಹೊಸ ಕಟ್ಟಡ ಏಳುವಂತಿಲ್ಲ. ಉತ್ಸಾಹದಿಂದ ಹಣ ಸೇರಿಸಿ, ಸಿಮೆಂಟ್ ತಂದು, ಭಾನುವಾರ ಹತ್ತು ಜನ ಸೇರಿ ಮೆತ್ತಿಬಂದರೆ ಅದು ಸೇವೆ ಅಲ್ಲ, ಅಪರಾಧ. ಅಪರಾಧ ಅನ್ನುವುದಕ್ಕಿಂತ ಹೆಚ್ಚಾಗಿ ಅದು ಕಟ್ಟಡಕ್ಕೇ ಕೇಡು. ಹಳೆ ಸುಣ್ಣದ ಗಾರೆ ಉಸಿರಾಡುತ್ತದೆ. ಸಿಮೆಂಟ್ ಅದರ ಮೇಲೆ ಕೂತರೆ ತೇವ ಒಳಗೇ ನಿಂತು ಕಲ್ಲು, ಹೆಂಚು ಕಿತ್ತು ಬರುತ್ತವೆ.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಕೇಂದ್ರ ಸರ್ಕಾರ 1996ರಲ್ಲಿ ರಾಷ್ಟ್ರೀಯ ಸಂಸ್ಕೃತಿ ನಿಧಿ ಅಂತ ಒಂದು ನಿಧಿ ಮಾಡಿತು. ಇಂಥ ಸ್ಮಾರಕಕ್ಕೇ ಬಳಸಿ ಅಂತ ಹೆಸರು ಹೇಳಿ ಅದಕ್ಕೆ ಹಣ ಕೊಡಬಹುದು. ಸ್ಮಾರಕ ದತ್ತು ಯೋಜನೆಗಳು ಕೇಂದ್ರದಲ್ಲೂ ಇವೆ, ರಾಜ್ಯದಲ್ಲೂ ಇವೆ. ದತ್ತು ಅಂದರೆ ದುರಸ್ತಿ ಅಂತ ತಿಳಿಯಬೇಡಿ. ಹೆಚ್ಚಾಗಿ ಕುಡಿಯುವ ನೀರು, ಶೌಚಾಲಯ, ಫಲಕ, ಬೆಳಕು, ಸ್ವಚ್ಛತೆಯಂಥ ಕೆಲಸಗಳು. ಅವು ದೊಡ್ಡ ಕಂಪನಿಗಳ ಹಣಕ್ಕೆ ತಕ್ಕಂತೆ ರೂಪಿಸಿದ ಯೋಜನೆಗಳು. 150 ಮಾದರಿ ಮಾರುವ ಒಂದು ಸಂಘ ಅಲ್ಲಿ ಕಳೆದುಹೋಗುತ್ತದೆ.

ನನ್ನ ಆಯ್ಕೆ ಬೇರೆ. ರಕ್ಷಣೆಯ ಪಟ್ಟಿಯಲ್ಲಿ ಇಲ್ಲದ ಸಣ್ಣವುಗಳ ಕಡೆ ನೋಡೋಣ. ಊರ ಹೊರಗಿನ ಮೆಟ್ಟಿಲು ಬಾವಿ, ಹೆಸರು ಮರೆತ ಗುಮ್ಮಟ, ಬೇಲಿ ಮುಚ್ಚಿದ ಶಾಸನ ಕಲ್ಲು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಇಂಥವು ಹಳ್ಳಿ ಹಳ್ಳಿಗೆ ಸಿಗುತ್ತವೆ. ಪಂಚಾಯಿತಿಯ ಒಪ್ಪಿಗೆ, ತಿಳಿದವರ ಸಲಹೆ ಇದ್ದರೆ ಒಂದೆರಡು ಲಕ್ಷದಲ್ಲಿ ಹೂಳು ತೆಗೆದು, ಮುಳ್ಳು ಕಡಿದು, ಫಲಕ ಹಾಕಬಹುದು. ಮಿನಾರಿನ ಮಾದರಿ ಮಾರಿ ಬಾವಿಯ ಹೂಳು ತೆಗೆಯುವುದು ವಿಚಿತ್ರ ಅನ್ನಿಸಬಹುದು. ಆದರೆ ಕೊಂಡವರಿಗೆ ಒಂದು ವರ್ಷದಲ್ಲಿ ಕಣ್ಣಾರೆ ಕಾಣುವ ಫಲ ಅದೇ. ಬೀದರಿನ ಕರೇಜ್, ಅಂದರೆ ಬಹಮನಿ ಕಾಲದ ನೆಲದೊಳಗಿನ ನೀರಿನ ಸುರಂಗ, ಎಷ್ಟು ಕಾಲ ಕಸ ತುಂಬಿಕೊಂಡು ಕಣ್ಮರೆಯಾಗಿತ್ತು! ಬೀದರ್ ನಗರ 2014ರಲ್ಲಿ ವಿಶ್ವ ಸ್ಮಾರಕ ನಿಧಿ (ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್) ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಗಮನಪಟ್ಟಿಗೆ ಬಂದಾಗ ಈ ಸುರಂಗದ ಬಗ್ಗೆ ಮಾತು ಜೋರಾಯಿತು. ನೀರಿನ ಜಾಡು ಹೂಳೆತ್ತಿದರೆ ಊರಿಗೇ ಉಪಯೋಗ. ಅದಕ್ಕೆ ಜನ ಹಣ ಕೊಡುತ್ತಾರೆ.

ಬಿದ್ರಿಗೆ ಗೋಪುರ ಹೊಂದುತ್ತದೆ

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಮಾದರಿಯನ್ನು ಯಾವುದರಲ್ಲಿ ಮಾಡಬೇಕು?

ಅಚ್ಚು ಮಾಡಿಸಿ ರೆಸಿನ್ ಹೊಯ್ದರೆ ಅಗ್ಗ. ತ್ರೀಡಿ ಪ್ರಿಂಟರಿನಲ್ಲಿ ತೆಗೆದರೆ ಇನ್ನೂ ಬೇಗ. ಆದರೆ ಬೀದರಿನಲ್ಲೇ ಐದಾರು ಶತಮಾನದ ಕೈಕೆಲಸ ಇರುವಾಗ ಪ್ಲಾಸ್ಟಿಕ್ ಮಿನಾರು ಮಾರಿ ಪರಂಪರೆ ಉಳಿಸುತ್ತೇವೆ ಅನ್ನುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಬಿದ್ರಿಯೂ ಒಂದು ಪರಂಪರೆ ತಾನೇ? ಅದನ್ನು ಮಾಡುವವರ ಮನೆಯಲ್ಲಿ ಒಲೆ ಉರಿದರೆ ಹಣ ಸಂಗ್ರಹದ ಅರ್ಧ ಉದ್ದೇಶ ಅಲ್ಲೇ ಈಡೇರಿತು.

ಕೆಲಸದ ಹಂತಗಳನ್ನು ನೋಡಿ. ಸತು ಹದಿನಾರು ಪಾಲಾದರೆ ತಾಮ್ರ ಒಂದು ಪಾಲು ಅಂತ ರೂಢಿಯ ಲೆಕ್ಕ. ಮರಳು ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ತಿಕ್ಕಿ ಮೈ ನಯ ಮಾಡುತ್ತಾರೆ. ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಉಳಿಯ ಗೆರೆ ಎದ್ದು ಕಾಣಲಿ ಅಂತ. ಆಮೇಲೆ ಕೆತ್ತನೆ. ಕೆತ್ತಿದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಅದು ತಾರ್‌ಕಶಿ. ತಂತಿಯ ಬದಲು ಬೆಳ್ಳಿ ತಗಡು ಕೂರಿಸಿದರೆ ತಹನಿಶಾನ್. ಮತ್ತೆ ತಿಕ್ಕಿ ನಯ ಮಾಡಿದಾಗ ಬೆಳ್ಳಿಯೂ ಸತುವೂ ಒಂದೇ ಬೂದು ಬಣ್ಣದಲ್ಲಿ ಬೆರೆತು ಹೋಗಿರುತ್ತವೆ, ಕೆಲಸ ಮಾಡಿದ್ದೇ ಕಾಣುವುದಿಲ್ಲ. ಕೊನೆಗೆ ಕೋಟೆಯ ಮಣ್ಣು. ಮಳೆ, ಬಿಸಿಲು ತಾಗದ ಹಳೆ ಜಾಗದ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ನವಸಾಗರ ಬೆರೆಸಿದ ನೀರಿನಲ್ಲಿ ಆ ಮಣ್ಣು ಕದಡಿ, ಬಿಸಿ ಮಾಡಿ, ಪದಾರ್ಥವನ್ನು ಮುಳುಗಿಸುತ್ತಾರೆ. ಸತುವಿನ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಎಣ್ಣೆ ಹಚ್ಚಿ ಒರೆಸಿದರೆ ಮುಗಿಯಿತು.

ಬಿದ್ರಿಯವರು ಹಿಂದಿನಿಂದಲೂ ಮಾಡುತ್ತಾ ಬಂದಿದ್ದು ಹೂಜಿ, ಹುಕ್ಕಾದ ಬುಡ, ಹೂದಾನಿ. ಎಲ್ಲವೂ ದುಂಡಗೆ, ಒಳಗೆ ಟೊಳ್ಳು. ಮಿನಾರಿನ ಆಕಾರವೂ ಅದೇ. ಅಂದರೆ ಅವರ ಕೈಗೆ ಹೊಸ ವಿದ್ಯೆ ಕಲಿಸಬೇಕಾಗಿಲ್ಲ. ಚೌಕಟ್ಟಿನ ಕಟ್ಟಡ, ಕಮಾನು, ಹತ್ತಾರು ಗುಮ್ಮಟ ಇರುವುದನ್ನು ಮಾಡಿ ಅಂದರೆ ಕಷ್ಟ. ಗೋಪುರ ಸುಲಭ. ಹಳೆ ಊರಿನ ನಟ್ಟನಡುವೆ ನಿಂತಿರುವ ಚೌಬಾರಾ ಇದೆಯಲ್ಲ, ಅದು 71 ಅಡಿ ಎತ್ತರದ ದುಂಡು ಕಾವಲು ಗೋಪುರ. ಸಮುದ್ರ ಇಲ್ಲದ ನಮ್ಮ ನಾಡಿನ ಲೈಟ್‌ಹೌಸ್ ಅಂತ ಅದನ್ನು ಕರೆದರೆ ತಪ್ಪಿಲ್ಲ. ನೂರರಲ್ಲಿ ಒಂದು ಅಳತೆಗೆ ಇಳಿಸಿದರೆ ಎಂಟೂವರೆ ಇಂಚು. ಗವಾನ್ ಮದರಸಾದ ಮಿನಾರು 131 ಅಡಿ ಅನ್ನುತ್ತಾರೆ. ಇನ್ನೂರರಲ್ಲಿ ಒಂದು ಅಳತೆಯಲ್ಲಿ ಎಂಟು ಇಂಚಿಗೆ ಬರುತ್ತದೆ. ಮೇಜಿನ ಮೇಲೆ ಇಡಲು ಹದವಾದ ಎತ್ತರ.

ಮಿನಾರಿನ ಬಣ್ಣದ ಹೆಂಚುಗಳು ಬಿದ್ರಿಯಲ್ಲಿ ಬರುವುದಿಲ್ಲ, ಅದನ್ನು ಬಿಡಬೇಕು. ಕಪ್ಪು ಮೈ ಮೇಲೆ ಬೆಳ್ಳಿ ಗೆರೆ ಮಾತ್ರ. ಅದು ಕೊರತೆ ಅಂತ ನನಗೆ ಅನಿಸುವುದಿಲ್ಲ.

ಇನ್ನೊಂದು ಪ್ರಶ್ನೆ ಇದೆ, ಇದರ ಬಗ್ಗೆ ಜಗಳ ಆದರೂ ಆಗಲಿ. ಮದರಸಾ 1472ರಲ್ಲಿ ಎದ್ದಾಗ ಎದುರಿಗೆ ಎರಡು ಮಿನಾರು ಇದ್ದವು. 17ನೇ ಶತಮಾನದ ಕೊನೆಗೆ, ಮೊಘಲರ ಕಾಲದಲ್ಲಿ, ಒಳಗಿಟ್ಟಿದ್ದ ಸಿಡಿಮದ್ದು ಸ್ಫೋಟಿಸಿ ಒಂದು ಮಿನಾರು, ಮುಂಭಾಗದ ದೊಡ್ಡ ಪಾಲು ನೆಲಕ್ಕೆ ಬಿತ್ತು. ಮಾದರಿಯಲ್ಲಿ ಎರಡೂ ಮಿನಾರು ಇರಬೇಕಾ, ಒಂದೇ ಇರಬೇಕಾ? ಎರಡು ಇದ್ದರೆ ಚೆಂದ, ಜೋಡಿ ಮಾರಾಟವೂ ಆಗುತ್ತದೆ. ನಾನು ಒಂದೇ ಅನ್ನುತ್ತೇನೆ. ಉಳಿದದ್ದನ್ನು ಉಳಿಸಲು ಹಣ ಕೇಳುತ್ತಿದ್ದೇವೆ. ಬಿದ್ದದ್ದು ಬಿದ್ದಿದೆ ಅನ್ನುವುದೂ ಆ ಕಟ್ಟಡದ ಚರಿತ್ರೆಯೇ. ಅದನ್ನು ಅಳಿಸಿ ಮಾರಬಾರದು.

ಮಿತಿ ಅಂದರೆ ನಿಜವಾಗಿ ಮಿತಿ

ಅಮೆರಿಕದ ಸಂಗ್ರಹದ ಹುಚ್ಚು ಹೇಗೆ ಮುಗಿಯಿತು ಅನ್ನುವುದನ್ನೂ ತಿಳಿದಿರಬೇಕು. ಮಿತ ಸಂಖ್ಯೆಯದು, ಮುಂದೆ ಬೆಲೆ ಏರುತ್ತದೆ ಅಂತ ನಂಬಿ ಜನ ಗೊಂಬೆ, ತಟ್ಟೆ, ಪುಟಾಣಿ ಮನೆ ಎಲ್ಲವನ್ನೂ ಕೊಂಡರು. 2000ದ ಆಸುಪಾಸಿನಲ್ಲಿ ಆನ್‌ಲೈನ್ ಹರಾಜು ಜೋರಾಯಿತು. ಎಲ್ಲರ ಕಪಾಟಿನಲ್ಲಿದ್ದದ್ದು ಒಟ್ಟಿಗೆ ಮಾರಾಟಕ್ಕೆ ಬಂತು. ಅಪರೂಪ ಅಂದುಕೊಂಡದ್ದು ಸಾವಿರಗಟ್ಟಲೆ ಇತ್ತು. ಬೆಲೆ ಬಿದ್ದುಹೋಯಿತು. ಹಣ ಬೆಳೆಯುತ್ತದೆ ಅಂತ ಕೊಂಡವರಿಗೆ ನಷ್ಟ ಆಯಿತು. ತಮ್ಮೂರಿನ ಲೈಟ್‌ಹೌಸ್ ಇಷ್ಟ ಅಂತ ಕೊಂಡವರಿಗೆ ಏನೂ ನಷ್ಟ ಆಗಲಿಲ್ಲ.

ಕಾರ್ಖಾನೆಯಲ್ಲಿ 5,500 ಅನ್ನುವ ಮಿತಿ ಕಂಪನಿ ಮನಸ್ಸು ಮಾಡಿ ಹಾಕಿಕೊಂಡಿದ್ದು. ಬೇಕಾದರೆ ಐವತ್ತು ಸಾವಿರವೂ ಹೊಯ್ಯಬಹುದಿತ್ತು. ಬಿದ್ರಿಯಲ್ಲಿ ಮಿತಿ ಕೈಯಿಂದಲೇ ಬರುತ್ತದೆ. ಒಂದು ಮಾದರಿ ಎರಕದಿಂದ ಎಣ್ಣೆಯವರೆಗೆ ಹಲವು ಕೈ ದಾಟಬೇಕು. 150 ಮಾಡಲು ನಾಲ್ಕೈದು ಮನೆಗಳು ತಿಂಗಳುಗಟ್ಟಲೆ ಕೂರಬೇಕು. ಆದ್ದರಿಂದ ಸಂಖ್ಯೆ ಎಷ್ಟು ಅಂತ ಮೊದಲು ಕುಶಲಕರ್ಮಿಗಳನ್ನು ಕೇಳಿ, ಆಮೇಲೆ ಪೋಸ್ಟರ್ ಮಾಡಿಸಿ. ಚೆನ್ನಾಗಿ ಮಾರಾಟ ಆಯಿತು ಅಂತ “ವಿಶೇಷ ಎರಡನೇ ಮಿತ ಆವೃತ್ತಿ” ತರುವುದು ಮೊದಲು ಕೊಂಡ 150 ಜನರಿಗೆ ಮಾಡುವ ಮೋಸ. ಮುಂದಿನ ವರ್ಷ ಚೌಬಾರಾ ಮಾಡಿ, ಮಿನಾರು ಬೇಡ.

ಬೆಲೆ ಏರುತ್ತದೆ ಅಂತ ಎಲ್ಲೂ ಬರೆಯಬಾರದು. ಇದು ಹೂಡಿಕೆ ಅಲ್ಲ.

ನಕಲಿಯ ಕಾಟವೂ ಇದೆ. ಬೆಳ್ಳಿಯ ಬದಲು ಅಲ್ಯೂಮಿನಿಯಂ ತಂತಿ, ಮಣ್ಣಿನ ಕಪ್ಪಿನ ಬದಲು ಬಣ್ಣ. ನೋಡಲು ಹಾಗೇ ಇರುತ್ತದೆ, ಕೆಲವು ದಿನಕ್ಕೆ ಬಣ್ಣ ಏಳುತ್ತದೆ. ಬಿದ್ರಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕು ವರ್ಷಗಳಾದರೂ ಕೊಳ್ಳುವವರಿಗೆ ಗುರುತಿಸಲು ಬರುವುದಿಲ್ಲ. ನಂಬರ್ ಹಾಕಿದ ಮಾದರಿ, ಅದಕ್ಕೊಂದು ದಾಖಲೆ ಪುಸ್ತಕ ಇದ್ದರೆ ಇಲ್ಲಿ ನಿಜವಾದ ಉಪಯೋಗ ಇದೆ. ಸಂಗ್ರಾಹಕರ ಹೆಮ್ಮೆಗಿಂತ ಅಸಲಿ ಅನ್ನುವ ಭರವಸೆಗೆ ಆ ನಂಬರ್ ಬೇಕು.

ಬೆಳ್ಳಿಯ ಬೆಲೆ

ಈಗಲೇ ಶುರು ಮಾಡಬೇಕು ಅಂದೆನಲ್ಲ, ಕಾರಣ ಇದು. 2025ರ ಆರಂಭದಲ್ಲಿ ಬೆಳ್ಳಿ ಕಿಲೋಗೆ 90 ಸಾವಿರ ರೂಪಾಯಿ ಆಸುಪಾಸಿನಲ್ಲಿತ್ತು. ಡಿಸೆಂಬರ್ ಹೊತ್ತಿಗೆ 2 ಲಕ್ಷ ದಾಟಿತು. ಬಿದ್ರಿಯವರಿಗೆ ಇದು ಸುದ್ದಿಯಲ್ಲ, ಹೊಟ್ಟೆಯ ವಿಷಯ. ಬೆಳ್ಳಿ ಕೊಳ್ಳಲು ಕೈಯಲ್ಲಿ ದುಡ್ಡು ಬೇಕು, ಪದಾರ್ಥ ಮಾರಾಟ ಆಗುವವರೆಗೆ ಆ ದುಡ್ಡು ಸಿಕ್ಕಿಬಿದ್ದಿರುತ್ತದೆ. ಬೆಲೆ ಏರಿಸಿದರೆ ಗಿರಾಕಿ ಹಿಂದೆ ಸರಿಯುತ್ತಾನೆ. ಏರಿಸದಿದ್ದರೆ ಕೂಲಿ ಮುಳುಗುತ್ತದೆ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮಗೆಲ್ಲ ಖುಷಿಯಾಯಿತು. ಆದರೆ ಒಬ್ಬರಿಗೆ ಬಂದ ಗೌರವದಿಂದ ಎಲ್ಲರ ಮನೆಗೆ ಆರ್ಡರ್ ಬರುವುದಿಲ್ಲ. ಮುಂಗಡ ಕೊಟ್ಟು 150 ಮಾದರಿ ಮಾಡಿಸುವವರು ಒಬ್ಬರು ಸಿಕ್ಕರೆ ಈ ಹೊತ್ತಿನಲ್ಲಿ ಅದು ದೊಡ್ಡ ಆಸರೆ.

ಉದಾಹರಣೆಗೆ ಒಂದು ಲೆಕ್ಕ ಹಾಕುತ್ತೇನೆ. ಅಂಕಿಗಳು ಅರ್ಥ ಆಗಲಿ ಅಂತ ಇಟ್ಟವು, ಅಂಗಡಿಯ ದರಪಟ್ಟಿ ಅಲ್ಲ. ಒಂದು ಮಾದರಿಯ ಬೆಲೆ 7,500 ರೂಪಾಯಿ. ಹತ್ತು ಗ್ರಾಂ ಬೆಳ್ಳಿಗೆ, ಕಿಲೋ 2 ಲಕ್ಷದ ದರದಲ್ಲಿ, 2,000. ಸತು, ತಾಮ್ರ, ಇದ್ದಿಲು, ಪಾಲಿಶ್ 500. ಕೂಲಿ 2,500. ಡಬ್ಬಿ, ಪ್ರಮಾಣಪತ್ರ, ಕೊರಿಯರ್, ತೆರಿಗೆ 1,000. ಉಳಿಯುವುದು 1,500. 150 ಮಾರಿದರೆ 2,25,000 ರೂಪಾಯಿ.

ಬೆಳ್ಳಿ ಕಿಲೋಗೆ 3 ಲಕ್ಷ ಆಯಿತು ಅಂದುಕೊಳ್ಳಿ. ಉಳಿತಾಯ 500ಕ್ಕೆ ಇಳಿಯುತ್ತದೆ. ಒಟ್ಟು 75,000. ಆಗ ಸಂಘಟಕರ ಮನಸ್ಸಿಗೆ ಮೊದಲು ಬರುವ ಯೋಚನೆ ಯಾವುದು? ಕೂಲಿ ಸ್ವಲ್ಪ ಕಡಿಮೆ ಮಾಡೋಣ, ಒಳ್ಳೆ ಕೆಲಸಕ್ಕೆ ಅಲ್ವಾ ಅಂತ. ಇದನ್ನು ನಾನು ಕಟುವಾಗಿ ವಿರೋಧಿಸುತ್ತೇನೆ. ಸ್ಮಾರಕದ ಹೆಸರಿನಲ್ಲಿ ಕುಶಲಕರ್ಮಿಯ ಕೂಲಿ ಕತ್ತರಿಸುವುದಾದರೆ ಯೋಜನೆಯೇ ಬೇಡ. ಬೆಳ್ಳಿಯನ್ನು ಆರ್ಡರ್ ಆದ ದಿನವೇ ಒಟ್ಟಿಗೆ ಕೊಂಡು ಕುಶಲಕರ್ಮಿಗಳ ಕೈಗೆ ಕೊಡುವುದು ಒಂದು ದಾರಿ. ಬೆಳ್ಳಿ ಕಡಿಮೆ ಬೇಡುವ ವಿನ್ಯಾಸ ಮಾಡುವುದು ಇನ್ನೊಂದು. ಮಿನಾರಿನ ಮೈ ತುಂಬಾ ತಗಡು ತುಂಬದೆ ತಾರ್‌ಕಶಿಯ ತೆಳು ಗೆರೆಗಳಲ್ಲೇ ಹೆಂಚಿನ ಸಾಲು ತೋರಿಸಬಹುದು. ಕಪ್ಪು ಜಾಸ್ತಿ ಇದ್ದಷ್ಟೂ ಗೋಪುರ ಗೋಪುರದಂತೆ ಕಾಣುತ್ತದೆ.

ಕೊಳ್ಳುವವರು ಯಾರು?

ಪ್ರವಾಸಿಗರನ್ನು ನಂಬಿ ಕೂತರೆ ಆಗುವುದಿಲ್ಲ. ಬೀದರಿಗೆ ಬರುವವರು ಬಹುಪಾಲು ಒಂದು ದಿನದ ಮಟ್ಟಿಗೆ ಬಂದು ಹೋಗುವವರು. 7,500 ರೂಪಾಯಿಯ ವಸ್ತು ಅವರ ಕೈಗೆ ದುಬಾರಿ. ನಮ್ಮ ಭಾಗದ ನಿಜವಾದ ಮಾರುಕಟ್ಟೆ ಸಮಾರಂಭಗಳು. ಶಾಲು, ಹಾರ, ನೆನಪಿನ ಕಾಣಿಕೆ ಇಲ್ಲದ ಕಾರ್ಯಕ್ರಮ ಇಲ್ಲ. ಕಲಬುರಗಿಯಲ್ಲಿ ವಿಶ್ವವಿದ್ಯಾಲಯಗಳು, ಹಲವು ಮೆಡಿಕಲ್, ಇಂಜಿನಿಯರಿಂಗ್ ಕಾಲೇಜು, ಹೈಕೋರ್ಟ್ ಪೀಠ, ಬ್ಯಾಂಕುಗಳ ವಲಯ ಕಚೇರಿ ಇವೆ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ ಬಂತೆಂದರೆ ಸನ್ಮಾನಗಳ ಸಾಲು. ಅಲ್ಲೆಲ್ಲ ಕೊಡುವ ಗಾಜಿನ, ಅಕ್ರಿಲಿಕ್ ಫಲಕಗಳು ಎಲ್ಲಿಂದಲೋ ಬರುತ್ತವೆ, ಮನೆಯ ಅಟ್ಟದ ಮೇಲೆ ಹೋಗಿ ಕೂರುತ್ತವೆ. ಹತ್ತು ಸಂಸ್ಥೆಗಳು ತಲಾ ಹತ್ತು ಮಾದರಿ ಕೊಂಡರೆ ನೂರು ಮುಗಿಯಿತು. ಹೊರ ಊರಿಂದ ಬಂದ ಅತಿಥಿಯ ಮೇಜಿನ ಮೇಲೆ ನಮ್ಮ ಮಿನಾರು ನಿಲ್ಲುತ್ತದೆ. ಮಿಕ್ಕ ಐವತ್ತು ಬೆಂಗಳೂರು, ಹೈದರಾಬಾದ್, ಪುಣೆ, ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿರುವ ನಮ್ಮವರಿಗೆ. ತವರಿನ ನೆನಪಿಗೆ ಅವರು ಖಂಡಿತ ಕೊಳ್ಳುತ್ತಾರೆ.

ಎಲ್ಲ ಊರಿಗೂ ಬಿದ್ರಿಯೇ ಬೇಕು ಅಂತಿಲ್ಲ. ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿ, 1367ರದು, ಅಂಗಳವೇ ಇಲ್ಲದೆ ಪೂರ್ತಿ ಛಾವಣಿ ಹೊದ್ದ ಅಪರೂಪದ ಕಟ್ಟಡ. ಅದರ ಗುಮ್ಮಟಗಳ ಸಾಲನ್ನು ಶಹಾಬಾದ್ ಕಲ್ಲಿನ ಹಲಗೆಯ ಮೇಲೆ ಉಬ್ಬು ಕೆತ್ತನೆಯಾಗಿ ತೋರಿಸಬಹುದು, ಕಲ್ಲು ಮನೆಯ ಬಾಗಿಲಲ್ಲೇ ಸಿಗುತ್ತದೆ. ಯಾದಗಿರಿ ಜಿಲ್ಲೆಗೆ ಮಾದರಿಗಿಂತ ಚಿತ್ರ ಸರಿ. ಸುರಪುರದಲ್ಲಿ ಸೂಕ್ಷ್ಮ ಚಿತ್ರಕಲೆಯ ದೊಡ್ಡ ಪರಂಪರೆಯೇ ಇದೆ. 1840ರ ದಶಕದಲ್ಲಿ ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಟೇಲರ್ ಮಂಜಿಲ್, ಶಹಾಪುರದ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ, ಇವನ್ನು ಬರೆಸಿ ಸಹಿ, ನಂಬರ್ ಇರುವ ನೂರು ಮುದ್ರಣ ತೆಗೆದರೆ ಬೆಲೆಯೂ ಕೈಗೆಟುಕುತ್ತದೆ.

ದುಬಾರಿ ಮಾದರಿಯ ಜೊತೆ ಅಗ್ಗದ್ದೊಂದು ಇರಲೇಬೇಕು. ಲಿಬರ್ಟಿ ಸಮಿತಿಯವರು ಐದು ಡಾಲರಿನದರ ಪಕ್ಕದಲ್ಲಿ ಒಂದು ಡಾಲರಿನದನ್ನೂ ಇಟ್ಟಿದ್ದರು. ಚೌಬಾರಾ ರಸ್ತೆಯಲ್ಲಿ ಚಹಾ ಮಾರುವವರು, ಮದರಸಾದ ಎದುರಿನ ಮನೆಯವರು 7,500 ಕೊಡಲಾರರು. ಆದರೆ ಆ ಕಟ್ಟಡವನ್ನು ದಿನಾ ನೋಡುವವರು ಅವರೇ. ನೂರು ರೂಪಾಯಿಯ ಒಂದು ಚಿತ್ರದ ಕಾರ್ಡ್, ಅದರ ಮೇಲೂ ನಂಬರ್, ದಾಖಲೆ ಪುಸ್ತಕದಲ್ಲಿ ಅವರ ಹೆಸರೂ ಇರಲಿ.

ಪುಸ್ತಕ ಯಾರ ಕೈಯಲ್ಲಿ ಇರಬೇಕು ಅನ್ನುವುದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ನನಗೆ ತೋಚುವುದು ಇಷ್ಟು. ಒಂದು ನೋಂದಾಯಿತ ಸಂಘ, ಬ್ಯಾಂಕ್ ಖಾತೆಗೆ ಮೂವರ ಸಹಿ, ಆ ಮೂವರಲ್ಲಿ ಒಬ್ಬರು ಬಿದ್ರಿ ಕೆಲಸದವರು. ಯಾವ ಕೆಲಸಕ್ಕೆ ಹಣ ಅನ್ನುವುದು ಮಾರಾಟಕ್ಕೆ ಮೊದಲೇ ಗೊತ್ತಾಗಿರಬೇಕು: ಈ ಹಳ್ಳಿಯ ಈ ಬಾವಿ ಅಂತ. ಮೂರು ತಿಂಗಳಿಗೊಮ್ಮೆ ಬಂದದ್ದು, ಹೋದದ್ದು ಆ ಹಳ್ಳಿಯ ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಕೊಂಡವರಿಗೆ ಅದರದೇ ಫೋಟೋ ವಾಟ್ಸಾಪಿನಲ್ಲಿ ಹೋಗಲಿ. ಆಗ ಮುಂದಿನ ವರ್ಷ ಕೇಳಲು ಮುಖ ಇರುತ್ತದೆ.

ಮಾರಾಟ ಆಗದೆ ಉಳಿದರೆ? ಉಳಿಯುವಂತೆ ಮಾಡಲೇಬಾರದು. 150 ಒಟ್ಟಿಗೆ ಮಾಡಿಸಿ ಕಪಾಟಿನಲ್ಲಿ ಇಡುವ ಬದಲು ಮೊದಲು ಒಂದು ಮಾದರಿ ಮಾಡಿಸಿ, ಅದನ್ನು ಊರೂರಿಗೆ ಒಯ್ದು ತೋರಿಸಿ, ಅರ್ಧ ಹಣ ಮುಂಗಡ ಪಡೆದು ಆರ್ಡರ್ ಬರೆದುಕೊಳ್ಳಿ. ಮೂವತ್ತು ಆದಾಗ ಮೂವತ್ತಕ್ಕೆ ಬೆಳ್ಳಿ ಕೊಂಡು ಮೊದಲ ಕಂತು ಶುರು ಮಾಡಿ. ಒಟ್ಟು 90ಕ್ಕೇ ಆರ್ಡರ್ ನಿಂತರೆ 90ನೇ ನಂಬರಿಗೇ ಮುಗಿಸಿ, ಅಚ್ಚು ಒತ್ತಲು ಬಳಸಿದ ಮೂಲ ನಮೂನೆಯನ್ನು ಬೀದರಿನ ಆ ಕುಶಲಕರ್ಮಿಗಳ ಎದುರಿಗೇ ಒಡೆದುಹಾಕಿ.